ಅತ್ತಿಬೆಲೆ ದಾಟಿದರೆ ಬೇರೆ ರಾಜ್ಯ

ವರ್ಷದ ನಡುವೆ ನಿಮ್ಮ ತರಗತಿಗೆ ಬಂದು ಸೇರಿದ, ಇಲ್ಲವೇ ಹೇಳದೆ ಕೇಳದೆ ಶಾಲೆ ಬಿಟ್ಟುಹೋದ ಸಹಪಾಠಿ ಒಬ್ಬರಾದರೂ ನಿಮಗೆ ನೆನಪಿರಬಹುದು. ‘ಅವರಮ್ಮ ಊರು ಬಿಟ್ಟರಂತೆ’ ಎಂಬಲ್ಲಿಗೆ ನಮ್ಮ ಮಾತು ನಿಂತುಬಿಡುತ್ತದೆ. ಒಬ್ಬಳೇ ಮಕ್ಕಳನ್ನು ಸಾಕುತ್ತಿರುವ ತಾಯಿ ಖರ್ಚು ಕಡಿಮೆಯಾಗಲೆಂದು ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿದರೆ ಅವಳ ಮತ್ತು ಮಕ್ಕಳ ಬದುಕಿನಲ್ಲಿ ಏನೇನು ಬದಲಾಗುತ್ತದೆ? ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಬೇರೆ ರಾಜ್ಯವೆಂದರೆ ದಿಲ್ಲಿ, ಅಸ್ಸಾಮಿನಷ್ಟು ದೂರವೇ ಆಗಬೇಕಿಲ್ಲ. ಬೆಂಗಳೂರಿನಿಂದ ಹೊಸೂರಿಗೆ ಇರುವುದು ಸುಮಾರು 40 ಕಿಲೋಮೀಟರ್. ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಹವೆ ಒಂದೇ, ಹೆದ್ದಾರಿ ಒಂದೇ. ಪೇಟೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತವೆ. ಊರಿನ ಹೆಸರೇ ಕನ್ನಡದ ‘ಹೊಸ ಊರು’. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಓದಲು ಬಂದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಆಗಲೂ ಅದು ಗಡಿ ದಾಟುವ ಪ್ರಯಾಣವೇ. ಹೊಸೂರು ಮದರಾಸು ಪ್ರಾಂತ್ಯದಲ್ಲಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಇಂದು ಜನ ಹೋಗುವುದು ಹೆಚ್ಚಾಗಿ ಎದುರು ದಿಕ್ಕಿಗೆ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕೆಲಸ, ಬಾಡಿಗೆ ಕಡಿಮೆಯೆಂದು ಹೊಸೂರಿನಲ್ಲಿ ಮನೆ.

ಹೀಗೆ ಹೋಗುವ ಹಕ್ಕು ಯಾರ ಕೃಪೆಯೂ ಅಲ್ಲ. ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. 2011ರ ಜನಗಣತಿಯಲ್ಲಿ ಊರು ಬದಲಾಯಿಸಿದವರೆಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 45 ಕೋಟಿ. ಅವರಲ್ಲಿ ಬಹುಪಾಲು ಜನ ತಮ್ಮ ರಾಜ್ಯದೊಳಗೇ ಇದ್ದರು. ಹೆಂಗಸರಲ್ಲಿ ಹೆಚ್ಚಿನವರು ಊರು ಬಿಡಲು ಕಾರಣ ಮದುವೆ. ಮದುವೆ ಮುಗಿದುಹೋದ ಮೇಲೆ ಊರು ಬಿಡುವವಳ ದಾರಿ ಬೇರೆ. ಅವಳು ಹಕ್ಕನ್ನು ಹೊತ್ತೊಯ್ಯಬಲ್ಲಳು, ಆದರೆ ಸೌಲಭ್ಯಗಳೆಲ್ಲ ಅವಳ ಹಿಂದೆ ಬರುವುದಿಲ್ಲ.

ಮೊದಲು ಲೆಕ್ಕ ಹಾಕೋಣ. ಮನೆ ಬಾಡಿಗೆಯಲ್ಲಿ ತಿಂಗಳಿಗೆ 5,000 ರೂಪಾಯಿ ಉಳಿಯುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳಿ. ಇದರಲ್ಲಿ ಕಳೆಯಬೇಕಾದ ಬಾಬತ್ತುಗಳಿವೆ. ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ರಾಜ್ಯದ ವಿಳಾಸವಿರುವ ಮಹಿಳೆಯರಿಗೆ, ಅದೂ ರಾಜ್ಯದ ಒಳಗೆ ಮಾತ್ರ. ಅದೇ ವರ್ಷದ ಗೃಹಲಕ್ಷ್ಮಿಯ 2,000 ರೂಪಾಯಿ ಇಲ್ಲಿನ ಪಡಿತರ ಚೀಟಿಗೆ ಕಟ್ಟಿಕೊಂಡಿದೆ. ಗುರುತಿನ ಚೀಟಿಯಲ್ಲಿ ಹೊಸೂರಿನ ವಿಳಾಸ ಬಂದೊಡನೆ ಇವು ಕೈಬಿಡುತ್ತವೆ. ತಮಿಳುನಾಡಿನಲ್ಲಿಯೂ ಇಂಥವು ಬಂದಿವೆ: ಸಾಧಾರಣ ದರದ ನಗರ ಬಸ್ಸುಗಳಲ್ಲಿ 2021ರ ಮೇ ತಿಂಗಳಿಂದ ಮಹಿಳೆಯರಿಗೆ ಟಿಕೆಟ್ ತೆಗೆದುಹಾಕಲಾಯಿತು, 2023ರ ಸೆಪ್ಟೆಂಬರ್‌ನಲ್ಲಿ ಕುಟುಂಬದ ಒಡತಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆ ಆರಂಭವಾಯಿತು. ಆದರೆ ಆ ಸಾವಿರ ರೂಪಾಯಿ ಅಲ್ಲಿನ ಪಡಿತರ ಚೀಟಿ ಇದ್ದವರಿಗೆ. ಹಳೆಯದು ಹೋಗಿ ಹೊಸದು ಬರುವ ನಡುವೆ ಕೆಲವು ತಿಂಗಳು ಎರಡೂ ಇಲ್ಲದಿರಬಹುದು. ಹೀಗಾಗಿಯೇ ಕೆಲವರು ಹಳೆಯ ವಿಳಾಸವನ್ನೇ ಉಳಿಸಿಕೊಂಡು ಎರಡು ದೋಣಿಯಲ್ಲಿ ಕಾಲಿಡುತ್ತಾರೆ. ಶಾಲೆ, ಮತದಾನ, ಆಸ್ಪತ್ರೆ ಎಂದು ವಿಳಾಸ ಕೇಳುವ ಕಡೆಗಳಲ್ಲಿ ಇದು ಒಂದಲ್ಲ ಒಂದು ದಿನ ತೊಡಕಾಗುತ್ತದೆ.

ಇನ್ನೊಂದು ಬಾಬತ್ತು ರೂಪಾಯಿಯಲ್ಲಿ ಬರೆಯಲಾಗದ್ದು. 2025ರ ಆಗಸ್ಟ್‌ನಿಂದ ಮೆಟ್ರೋ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದಿದೆ; ಅದರಿಂದಾಚೆ ಬಸ್ಸೇ ಗತಿ. ದಿನಕ್ಕೆ ಎರಡು ಗಂಟೆ ದಾರಿಯಲ್ಲಿ ಹೋದರೆ ಮನೆಯಲ್ಲಿ ಮಗುವಿನ ಜೊತೆ ಯಾರಿರುತ್ತಾರೆ? ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದರೆ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಮಗುವಿಗೆ ಜ್ವರ ಬಂದ ದಿನ ಪಕ್ಕದ ಮನೆಯವರು ನೋಡಿಕೊಳ್ಳುವುದು ಬಾಡಿಗೆ ಕರಾರಿನಲ್ಲಿ ಬರೆದಿರುವ ಸೌಲಭ್ಯವಲ್ಲ. ಅದು ವರ್ಷಗಟ್ಟಲೆ ಒಂದು ಬೀದಿಯಲ್ಲಿ ಇದ್ದುದರಿಂದ ಬಂದದ್ದು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂಬ ನಿಯಮ 2017ರ ತಿದ್ದುಪಡಿಯಲ್ಲಿ ಬಂತು. ಆದರೆ ಕೇಂದ್ರ ಇರುವುದು ಕೆಲಸದ ಜಾಗದಲ್ಲಿ. ಮೂರು ವರ್ಷದ ಮಗುವನ್ನು ಎತ್ತಿಕೊಂಡು ದಿನವೂ ಎರಡು ಬಾರಿ ಗಡಿ ದಾಟಬೇಕು. ನನ್ನ ಅಭಿಪ್ರಾಯದಲ್ಲಿ ಬಾಡಿಗೆಗಿಂತ ಮೊದಲು ವಿಚಾರಿಸಬೇಕಾದ ಸಂಗತಿ ಇದೇ.

ಇನ್ನು ಪಡಿತರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ. ಮೊದಲು ಈ ಧಾನ್ಯವನ್ನು ನಿಗದಿಯಾದ ಅಂಗಡಿಯಲ್ಲಿಯೇ ಪಡೆಯಬೇಕಿತ್ತು. ಊರು ಬಿಟ್ಟವರು ಅಕ್ಕಿಯನ್ನೂ ಬಿಡಬೇಕಿತ್ತು. 2019ರಲ್ಲಿ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. 2020ರಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಸೇರಿದವು. 2022ರ ಜೂನ್ ಹೊತ್ತಿಗೆ ಇಡೀ ದೇಶ ಸೇರಿತು. ಈಗ ಬೆಂಗಳೂರಿನ ಚೀಟಿಯಿಂದ ಹೊಸೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ತರಬಹುದು. ಕುಟುಂಬದ ಉಳಿದವರು ಊರಿನಲ್ಲಿದ್ದರೆ ಅವರ ಪಾಲನ್ನು ಅವರು ಅಲ್ಲಿಯೇ ಪಡೆಯಬಹುದು. ಗಮನಿಸಿ, ಹೀಗೆ ಗಡಿ ದಾಟಿ ಬರುವುದು ಕೇಂದ್ರದ ಕಾಯ್ದೆಯ ಪಾಲು ಮಾತ್ರ. ರಾಜ್ಯ ಸರ್ಕಾರ ತನ್ನ ಹಣದಿಂದ ಸೇರಿಸಿ ಕೊಡುವ ಹೆಚ್ಚುವರಿ ಪಾಲು ಜೊತೆಗೆ ಬರುವುದಿಲ್ಲ.

ತಮಿಳುನಾಡಿನದೇ ಚೀಟಿ ಬೇಕೆಂದರೆ ಹಳೆಯ ಚೀಟಿಯಿಂದ ಹೆಸರು ತೆಗೆಸಿದ ದಾಖಲೆ ಬೇಕು. ಕಷ್ಟ ಇರುವುದು ಇಲ್ಲಿ. ಗಂಡನಿಂದ ಬೇರೆಯಾದವಳ ಹೆಸರು, ಮಕ್ಕಳ ಹೆಸರು ಅತ್ತೆಯ ಮನೆಯ ಚೀಟಿಯಲ್ಲಿಯೇ ಇರುತ್ತದೆ. ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಮಿನ ಪ್ರಕಾರ ಮನೆಯ ಅತ್ಯಂತ ಹಿರಿಯ ಮಹಿಳೆಯೇ ಚೀಟಿಯ ಯಜಮಾನಿ. ಹೆಣ್ಣಿಗೆ ಮನೆಯಲ್ಲಿ ಸ್ಥಾನ ಕೊಡಲು ಮಾಡಿದ ಒಳ್ಳೆಯ ನಿಯಮವಿದು. ಆದರೆ ಆ ಮನೆ ಬಿಟ್ಟು ಬಂದ ಸೊಸೆ ತನ್ನ ಹೆಸರು ತೆಗೆಸಲು ಹೊರಟಾಗ ಎದುರಿಗೆ ಕಾಣುವುದು ಅತ್ತೆಯ ಹೆಸರು. ಅದಕ್ಕೇ ಈ ಕೆಲಸ ಲಾರಿಗೆ ಸಾಮಾನು ಏರಿಸುವ ಮೊದಲೇ, ಇಲ್ಲಿನ ಆಹಾರ ಇಲಾಖೆಯ ಕಚೇರಿಯಲ್ಲಿ ಆಗಬೇಕು.

‘ಒಂಟಿ ಪೋಷಕಿ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ, ಕಚೇರಿಗಳು ಹಾಗೆ ನೋಡುವುದಿಲ್ಲ. ವಿಧವೆಯ ಕೈಯಲ್ಲಿ ಮರಣ ಪ್ರಮಾಣಪತ್ರವಿರುತ್ತದೆ, ವಿಚ್ಛೇದಿತಳ ಕೈಯಲ್ಲಿ ನ್ಯಾಯಾಲಯದ ಡಿಕ್ರಿ ಇರುತ್ತದೆ. ಗಂಡ ಬಿಟ್ಟುಹೋದವಳ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ಆದರೂ ಕಾನೂನು ನಿಧಾನವಾಗಿ ತಾಯಿಯ ಕಡೆಗೆ ಬಂದಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಸಲ್ಲಿಸಿದ ಅರ್ಜಿಗೆ ತಂದೆಯ ಸಹಿ ಬೇಕೆಂಬ ಆಕ್ಷೇಪ ಬಂತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದಾಗ ತಾಯಿಯೇ ಸ್ವಾಭಾವಿಕ ಪೋಷಕಿಯಾಗಬಹುದೆಂದು 1999ರಲ್ಲಿ ತೀರ್ಪು ಬಂತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು. ಇನ್ನೊಂದು ಎಚ್ಚರಿಕೆಯೂ ಬೇಕು: ಮಗು ಯಾರ ಬಳಿ ಇರಬೇಕೆಂಬ ಮೊಕದ್ದಮೆ ನಡೆಯುತ್ತಿದ್ದರೆ, ಅಥವಾ ನ್ಯಾಯಾಲಯವೇ ಅವಳನ್ನು ಪೋಷಕಿಯಾಗಿ ನೇಮಿಸಿದ್ದರೆ, ಅನುಮತಿ ಪಡೆಯದೆ ಮಗುವನ್ನು ಬೇರೆ ರಾಜ್ಯಕ್ಕೆ ಕರೆದೊಯ್ಯಬಾರದು. 1890ರ ಪೋಷಕ ಮತ್ತು ಪಾಲ್ಯರ ಕಾಯ್ದೆಯ 26ನೆಯ ಕಲಮು ನೇಮಕಗೊಂಡ ಪೋಷಕರ ವಿಷಯದಲ್ಲಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸಿಗುತ್ತದೆ. ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿಯಿಲ್ಲ.

ಈಗ ನಿಮಗೆ ಹತ್ತಿರದ ವಿಷಯ, ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಗವಾಗುವ ಹಕ್ಕನ್ನು ಕೊಡುತ್ತದೆ, ರಾಜ್ಯದಾಚೆಗೂ. ವರ್ಗಾವಣೆ ಪತ್ರ, ಅಂದರೆ ಟಿ.ಸಿ., ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ, ಟಿ.ಸಿ. ಕೊಡಲು ಸತಾಯಿಸುವ ಮುಖ್ಯೋಪಾಧ್ಯಾಯರ ಮೇಲೆ ಕ್ರಮ ಕೈಗೊಳ್ಳಬಹುದು. ಭಾಷೆಯ ಪ್ರಶ್ನೆ ಅಷ್ಟು ಸುಲಭವಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯಂತೆ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ನಮ್ಮಲ್ಲಿಯೂ 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಿದೆ ಎಂಬುದನ್ನು ಮರೆಯಬಾರದು. ಎರಡನೆಯ ತರಗತಿಯ ಮಗು ಬೀದಿಯಲ್ಲಿ ಆಡುತ್ತಲೇ ತಮಿಳು ಕಲಿತುಬಿಡುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಗೆ ಅಕ್ಷರದಿಂದ ಆರಂಭಿಸಿ ಎರಡೇ ವರ್ಷದಲ್ಲಿ ಸಾರ್ವಜನಿಕ ಪರೀಕ್ಷೆ ಬರೆಯುವುದು ನಿಜಕ್ಕೂ ಭಾರ.

ಯಾವ ತರಗತಿಯಲ್ಲಿ ಗಡಿ ದಾಟಿದರೆಂಬುದು ಕಾಲೇಜಿನ ಬಾಗಿಲಲ್ಲಿ ಮತ್ತೆ ಎದುರಾಗುತ್ತದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಸರ್ಕಾರಿ ಸೀಟಿಗೆ ಇರುವ ಮುಖ್ಯ ನಿಯಮ ಇದು: 1ರಿಂದ 12ನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಮತ್ತು ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ.ಯನ್ನು ಇಲ್ಲಿ ಪಾಸು ಮಾಡಿರಬೇಕು. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ 8ರಿಂದ 12ರವರೆಗೆ ಐದೂ ವರ್ಷ ಅಲ್ಲಿ ಓದಿದವರು ಸ್ಥಳೀಯತೆಯ ಪ್ರಮಾಣಪತ್ರ ತರಬೇಕಾಗಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏಳನೆಯ ತರಗತಿ ಮುಗಿಸಿ ಹೋದ ಮಗುವಿಗೆ ತಮಿಳುನಾಡಿನ ಐದು ವರ್ಷ ಪೂರ್ತಿ ಸಿಗುತ್ತದೆ. ಎಂಟನೆಯದು ಮುಗಿಸಿ ಹೋಗಿ ಅಲ್ಲಿಯೇ ಹನ್ನೆರಡನೆಯದನ್ನು ಪಾಸು ಮಾಡಿದ ಮಗು ಇಲ್ಲಿ ಎಂಟು ವರ್ಷ ಓದಿದ್ದರೂ ಇಲ್ಲಿನ ಪರೀಕ್ಷೆ ಪಾಸು ಮಾಡಿಲ್ಲ. ಅಲ್ಲಿ ನಾಲ್ಕೇ ವರ್ಷ. ಒಂದೇ ಒಂದು ವರ್ಷದ ವ್ಯತ್ಯಾಸದಿಂದ ಎರಡೂ ಕಡೆಯ ನೇರ ದಾರಿ ತಪ್ಪಿಹೋಗುತ್ತದೆ. ಆ ಮಗು ಪಿ.ಯು.ಸಿ.ಗೆ ಅತ್ತಿಬೆಲೆಗೋ ಆನೇಕಲ್ಲಿಗೋ ಬಂದು ಓದಿದರೆ ಕರ್ನಾಟಕದ ಬಾಗಿಲು ಮತ್ತೆ ತೆರೆಯುತ್ತದೆ.

ಇನ್ನೊಂದು ನಿಯಮ ಹೆಚ್ಚು ಜನರಿಗೆ ತಿಳಿದಿಲ್ಲ. ಪಿ.ಯು.ಸಿ.ಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾದವರ ತಂದೆ ಅಥವಾ ತಾಯಿ ಇಲ್ಲಿ ಕನಿಷ್ಠ 7 ವರ್ಷ ಓದಿದ್ದರೂ ಅರ್ಹತೆ ಬರುತ್ತದೆ. ‘ಅಥವಾ’ ಎಂಬ ಆ ಪದವನ್ನು ನೋಡಿ. ತಾಯಿಯ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರವೊಂದೇ ಸಾಕು, ತಂದೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕನ್ನಡ ಮಾತೃಭಾಷೆಯ ಹೊರನಾಡು, ಗಡಿನಾಡು ಅಭ್ಯರ್ಥಿಗಳಿಗೂ ಪ್ರತ್ಯೇಕ ನಿಯಮಗಳಿದ್ದು, ಅವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಆಯಾ ವರ್ಷವೇ ಓದಿಕೊಳ್ಳುವುದು ಕ್ಷೇಮ.

ಮೀಸಲಾತಿಯ ವಿಷಯ ಇನ್ನೂ ಗಂಭೀರ. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯವಾರು ಇರುತ್ತದೆ. ತಂದೆಯ ಉದ್ಯೋಗದಿಂದಾಗಿ ಆಂಧ್ರದಿಂದ ಮುಂಬಯಿಗೆ ಬಂದ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ಸಿಗಲಿಲ್ಲ. ಒಂದು ರಾಜ್ಯದ ಪಟ್ಟಿಯ ಸ್ಥಾನ ಇನ್ನೊಂದು ರಾಜ್ಯಕ್ಕೆ ವಲಸೆ ಬರುವುದಿಲ್ಲವೆಂದು 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಂದ್ರದ ಹುದ್ದೆಗಳಿಗೆ ಮೂಲ ರಾಜ್ಯದ ಪ್ರಮಾಣಪತ್ರ ನಡೆಯುತ್ತದೆ. ಹಾಗಾಗಿ ಅಮ್ಮ ಹೊಸೂರಿಗೆ ಹೋದರೂ ಇಲ್ಲಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರವನ್ನು ಜೋಪಾನವಾಗಿ ಇಡಬೇಕು.

ಮನೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಹಳೆಯದು; ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದನ್ನು ಹಿಡಿದುಕೊಳ್ಳುವುದೂ ಉಂಟು. ತಮಿಳುನಾಡಿನಲ್ಲಿ 2019ರಿಂದ ಜಾರಿಯಲ್ಲಿರುವ ಬಾಡಿಗೆ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ. ಕರಾರು ಬರವಣಿಗೆಯಲ್ಲಿದ್ದು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಕರಾರನ್ನು ತಾಯಿಯ ಹೆಸರಿನಲ್ಲಿಯೇ ಮಾಡಿಸಿ; ಅವಳ ಅಣ್ಣನ ಹೆಸರಿನಲ್ಲಿ ಮಾಡಿಸಿದರೆ ವಿಳಾಸದ ಪುರಾವೆ ಅಣ್ಣನಿಗಾಗುತ್ತದೆ, ಅವಳಿಗಲ್ಲ. ಹಳೆಯ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಮನೆಗೆ ಹಣ ಕಟ್ಟಬೇಕಾಗುತ್ತದೆ, ಅದಕ್ಕೆ ಮುಂಚೆಯೇ ವ್ಯವಸ್ಥೆ ಇರಲಿ. ಗ್ಯಾಸ್ ಸಂಪರ್ಕದ ಸಿಲಿಂಡರ್, ರೆಗ್ಯುಲೇಟರ್ ಹಿಂದಿರುಗಿಸಿ ವೋಚರ್ ಪಡೆದರೆ ಠೇವಣಿ ವಾಪಸು ಬರುತ್ತದೆ. ಮತದಾರರ ಪಟ್ಟಿಗೆ ನಮೂನೆ 8.

ಮನೆಯಲ್ಲಿ ಸ್ಕೂಟರ್ ಇದ್ದರೆ, 1988ರ ಮೋಟಾರು ವಾಹನ ಕಾಯ್ದೆಯಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ಸಂಖ್ಯೆ ಪಡೆಯಬೇಕು. ಅದಕ್ಕೆ ಇಲ್ಲಿನ ಆರ್.ಟಿ.ಒ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಚಾಲನಾ ಪರವಾನಗಿ ಮಾತ್ರ ದೇಶದೆಲ್ಲೆಡೆ ನಡೆಯುತ್ತದೆ. ಎರಡೂ ರಾಜ್ಯಗಳಲ್ಲಿ ಬೇಸಿಗೆ ರಜೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ ಏಪ್ರಿಲ್‌ನಲ್ಲಿ ಫಲಿತಾಂಶ ಬಂದೊಡನೆ ಟಿ.ಸಿ.ಗೆ ಅರ್ಜಿ ಕೊಟ್ಟು, ಮೇ ತಿಂಗಳಲ್ಲಿ ಮನೆ ನೋಡಿ, ಜೂನ್‌ಗೆ ಮಗುವನ್ನು ಹೊಸ ತರಗತಿಯಲ್ಲಿ ಮೊದಲ ದಿನವೇ ಕೂರಿಸಬಹುದು.