ಬರೆಯುವ ಕೈಗಳಿಗೆ ‘ರಾಕ್ಣೊ’ದಲ್ಲಿ ಎಷ್ಟು ಅವಕಾಶ? ಪುತ್ತೂರು, ಸುಳ್ಯ, ಕಡಬದ ಯುವ ಬರಹಗಾರರು ತಿಳಿಯಬೇಕಾದ ಸಂಗತಿಗಳು

ಪುತ್ತೂರು: ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಪುತ್ತೂರು ಸುತ್ತಲಿನ ಕಥೊಲಿಕ್ ಕುಟುಂಬಗಳ ಮಕ್ಕಳು ಬೆಳೆಯುವುದು ಈ ಭಾಷೆಗಳ ನಡುವೆ. ಇವರಲ್ಲಿ ಕಥೆ, ಕವಿತೆ, ಲೇಖನ ಬರೆಯುವ ಹವ್ಯಾಸವಿದ್ದವರಿಗೆ ಮೊದಲು ಎದುರಾಗುವ ಪ್ರಶ್ನೆ ಎರಡು. ಯಾವ ಭಾಷೆಯಲ್ಲಿ ಬರೆಯಬೇಕು? ಬರೆದದ್ದನ್ನು ಎಲ್ಲಿಗೆ ಕಳುಹಿಸಬೇಕು?

ಎರಡನೆಯ ಪ್ರಶ್ನೆಗೆ ಎಂಟು ದಶಕಗಳಿಂದಲೂ ಸಿದ್ಧ ಉತ್ತರವೊಂದಿದೆ. ಅದು ಮಂಗಳೂರು ಧರ್ಮಪ್ರಾಂತದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’. ಮೊನ್ಸಿಂಜೊರ್ ಸಿಲ್ವೆಸ್ಟರ್ ಮಿನೇಜಸ್ ಅವರು 1938ರಲ್ಲಿ ಆರಂಭಿಸಿದ ಈ ಪತ್ರಿಕೆಯ ಹೆಸರಿಗೆ ಕಾವಲುಗಾರ ಎಂದರ್ಥ. ಭಾಷೆ ಕೊಂಕಣಿ, ಲಿಪಿ ಕನ್ನಡ. ಮೊದಲ ಪ್ರಶ್ನೆಗೆ ಉತ್ತರ ಮಾತ್ರ ಅಷ್ಟು ಸುಲಭವಲ್ಲ. ಅವಕಾಶದ ಪ್ರಮಾಣ ನಿರ್ಧಾರವಾಗುವುದೂ ಅಲ್ಲಿಯೇ.

ಧರ್ಮಪತ್ರಿಕೆ ಎಂದೊಡನೆ ಅದರಲ್ಲಿ ಪ್ರಾರ್ಥನೆ, ಪ್ರವಚನಗಳಷ್ಟೇ ಇರುತ್ತವೆ ಎಂದು ಭಾವಿಸುವವರು ನಗರಗಳಲ್ಲಿ ಅನೇಕರಿದ್ದಾರೆ. ಕರಾವಳಿಯ ಮಟ್ಟಿಗೆ ಈ ಭಾವನೆ ಸರಿಯಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಅದು ಪ್ರಾಟೆಸ್ಟಂಟ್ ಪಂಗಡದ ಸಂಸ್ಥೆ. ಕಥೊಲಿಕರ ಪೈಕಿ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ 1882ರಲ್ಲಿ ಕೊಡಿಯಾಲಬೈಲ್ ಮುದ್ರಣಾಲಯವನ್ನೂ ಸ್ಥಾಪಿಸಿದರು. ಕೊಂಕಣಿಯಲ್ಲಿ ಪತ್ರಿಕೆ ಬರಲು ಮತ್ತೆ ಮೂರು ದಶಕ ಬೇಕಾಯಿತು. ಲುವಿಸ್ ಮಸ್ಕರೇನ್ಹಸ್ ಅವರ ‘ಕೊಂಕ್ಣಿ ದಿರ್ವೆಂ’ 1912ರಲ್ಲಿ ಹೊರಬಂದಿತು. ‘ರಾಕ್ಣೊ’ ಆರಂಭವಾದದ್ದು ಅದಾಗಿ 26 ವರ್ಷಗಳ ಬಳಿಕ.

ಮಂಗಳೂರು ಕೊಂಕಣಿಯ ಕಾದಂಬರಿ ಬೆಳೆದದ್ದು ಬಹುಮಟ್ಟಿಗೆ ಪತ್ರಿಕೆಗಳ ಧಾರಾವಾಹಿಗಳ ಮೂಲಕವೇ. ಶ್ರೀರಂಗಪಟ್ಟಣದ ಸೆರೆವಾಸದ ಹಿನ್ನೆಲೆಯಲ್ಲಿ ಐತಿಹಾಸಿಕ ಕಾದಂಬರಿಗಳನ್ನು ಬರೆದ ‘ಖಡಾಪ್’ ಕಾವ್ಯನಾಮದ ವಿ.ಜೆ.ಪಿ. ಸಲ್ಡಾನ್ಹಾ ಅವರ ಓದುಗರು ಪುಸ್ತಕದಂಗಡಿಗಳಲ್ಲಿ ಇದ್ದವರಲ್ಲ, ವಾರವಾರ ಪತ್ರಿಕೆಗಾಗಿ ಕಾಯುತ್ತಿದ್ದ ಮನೆಗಳಲ್ಲಿ ಇದ್ದವರು. ಕೊಂಕಣಿ ಪುಸ್ತಕಕ್ಕೆ ದೊಡ್ಡ ಮಾರುಕಟ್ಟೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಹೀಗಾಗಿ ಪತ್ರಿಕೆ ಇಲ್ಲದಿದ್ದರೆ ಕೊಂಕಣಿ ಕಥೆಗಾರನಿಗೆ ಓದುಗನೇ ಇಲ್ಲ ಎಂಬ ಸ್ಥಿತಿ.

ಮೂರು ತಾಲ್ಲೂಕು, ಮೂರು ಪರಂಪರೆ

ಪುತ್ತೂರು, ಸುಳ್ಯ ಮತ್ತು ಮುಖ್ಯವಾಗಿ ಇವೆರಡರ ಗ್ರಾಮಗಳಿಂದಲೇ ರಚನೆಯಾದ ಕಡಬ ತಾಲ್ಲೂಕುಗಳ ವಿಶೇಷವನ್ನು ಇಲ್ಲಿ ತಿಳಿಯಬೇಕು. ಈ ಭಾಗದ ಕಥೊಲಿಕರೆಲ್ಲರೂ ಕೊಂಕಣಿಗರಲ್ಲ. ಲ್ಯಾಟಿನ್ ಪರಂಪರೆಗೆ ಸೇರಿದ, ಕೊಂಕಣಿ ಮಾತನಾಡುವವರು ಮಂಗಳೂರು ಧರ್ಮಪ್ರಾಂತದವರು. ಪುತ್ತೂರಿನ ಮಾಯ್ ದೆ ದೇವುಸ್ ಚರ್ಚ್, 1958ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಈ ಧರ್ಮಪ್ರಾಂತಕ್ಕೆ ಸೇರಿದವು. ಕೇರಳದಿಂದ ವಲಸೆ ಬಂದು ಕಾಡಂಚಿನ ಜಮೀನಿನಲ್ಲಿ ರಬ್ಬರ್ ಬೆಳೆದ ಮಲಯಾಳಿ ಕುಟುಂಬಗಳ ಪೈಕಿ ಸೀರೊ ಮಲಬಾರ್ ಪರಂಪರೆಯವರಿಗೆ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ ರಚನೆಯಾಯಿತು. ಸೀರೊ ಮಲಂಕರ ಪರಂಪರೆಯವರಿಗೆ 2010ರಲ್ಲಿ ಪುತ್ತೂರನ್ನೇ ಕೇಂದ್ರವಾಗಿಸಿ ಪ್ರತ್ಯೇಕ ಧರ್ಮಪ್ರಾಂತ ಬಂತು. ಮೂವರು ಧರ್ಮಾಧ್ಯಕ್ಷರ ವ್ಯಾಪ್ತಿ ಒಂದೇ ನೆಲದ ಮೇಲೆ ಹರಡಿರುವ ಪ್ರದೇಶವಿದು.

ನೆಲ್ಯಾಡಿ, ಕಡಬ ಕಡೆಯ ಮಲಯಾಳಿ ಮನೆಯ ಹುಡುಗಿಯೊಬ್ಬಳು ಕಥೆ ಬರೆಯಲು ಹೊರಟರೆ ಅವಳ ಇಕ್ಕಟ್ಟು ಬೇರೆಯದೇ. ಮನೆಯಲ್ಲಿ ಮಲಯಾಳ ಆಡುತ್ತಾಳೆ, ಆದರೆ ಶಾಲೆಯಲ್ಲಿ ಕಲಿತ ಲಿಪಿ ಕನ್ನಡ. ಕೇರಳದಲ್ಲಿ ಕಥೊಲಿಕ್ ಪತ್ರಿಕೋದ್ಯಮಕ್ಕೆ ದೀರ್ಘ ಇತಿಹಾಸವಿದೆ. ‘ದೀಪಿಕಾ’ 1887ರಲ್ಲಿ, ‘ಸತ್ಯದೀಪಂ’ 1927ರಲ್ಲಿ ಆರಂಭವಾದವು. ಮಲಯಾಳ ಅಕ್ಷರ ಓದಲು ಬಾರದ ಮೂರನೆಯ ತಲೆಮಾರಿಗೆ ಆ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಕೊಂಕಣಿ ಬಾರದ ಕಾರಣ ‘ರಾಕ್ಣೊ’ ಕೂಡ ದೂರ. ಇಂಥವರಿಗೆ ಉಳಿಯುವ ದಾರಿ ಕನ್ನಡ. ಪುತ್ತೂರು, ಸುಳ್ಯದ ಓದುಗರಿಗೆ ಚಿರಪರಿಚಿತವಾದ ‘ಸುದ್ದಿ ಬಿಡುಗಡೆ’ಯಂತಹ ಸ್ಥಳೀಯ ಪತ್ರಿಕೆಗಳು ಹಾಗೂ ದಿನಪತ್ರಿಕೆಗಳ ಮಂಗಳೂರು ಆವೃತ್ತಿಗಳು ಇವರ ಮೊದಲ ಮೆಟ್ಟಿಲಾಗಬಲ್ಲವು. ಕಥೊಲಿಕ್ ವಲಯದಲ್ಲಿಯೇ ಕನ್ನಡಕ್ಕೂ ಮನ್ನಣೆ ಇದೆ. ಮಂಗಳೂರಿನ ಸಂದೇಶ ಪ್ರತಿಷ್ಠಾನ ನೀಡುವ ಸಾಹಿತ್ಯ ಪ್ರಶಸ್ತಿಗಳಲ್ಲಿ ಕನ್ನಡ, ಕೊಂಕಣಿ, ತುಳು ಮೂರಕ್ಕೂ ಸ್ಥಾನವಿದೆ. ಬರಹಗಾರರ ಜಾತಿ ಮತಗಳನ್ನು ನೋಡುವುದಿಲ್ಲ.

ಆಡಬಲ್ಲರು, ಬರೆಯಲಾರರು

ಕೊಂಕಣಿ ಮನೆಗಳ ಯುವಕರಿಗೆ ಭಾಷೆ ಬರುತ್ತದೆ. ಅವರ ತೊಡಕು ಬರವಣಿಗೆಯದು. 2011ರ ಜನಗಣತಿಯಂತೆ ದೇಶದಲ್ಲಿ ಕೊಂಕಣಿಯನ್ನು ಮಾತೃಭಾಷೆ ಎಂದು ಹೇಳಿದವರು ಸುಮಾರು 22.5 ಲಕ್ಷ. ಈ ಭಾಷೆ ದೇವನಾಗರಿ, ರೋಮನ್, ಕನ್ನಡ, ಮಲಯಾಳ, ಪರ್ಸೊ ಅರೇಬಿಕ್ ಹೀಗೆ ಐದು ಲಿಪಿಗಳಲ್ಲಿ ಹಂಚಿಹೋಗಿದೆ. ಗೋವಾದ ಕಥೊಲಿಕ್ ವಾರಪತ್ರಿಕೆ ‘ವಾವ್ರಾಡ್ಯಾಂಚೊ ಇಶ್ಟ್’ 1933ರಿಂದ ರೋಮನ್ ಲಿಪಿಯಲ್ಲಿದೆ. ಇಲ್ಲಿಯ ಬರಹ ಅಲ್ಲಿಯ ಓದುಗರಿಗೆ ತಲುಪಬೇಕಾದರೆ ಲಿಪ್ಯಂತರವಾಗಬೇಕು, ಒಂದಷ್ಟು ಪದಗಳೂ ಬದಲಾಗಬೇಕು.

ಕರ್ನಾಟಕದಲ್ಲಿ ಕೊಂಕಣಿ ಶಾಲೆಯ ಮೆಟ್ಟಿಲು ಹತ್ತಿದ್ದು 2007ರಲ್ಲಿ, ಅದೂ ಐಚ್ಛಿಕ ಮೂರನೆಯ ಭಾಷೆಯಾಗಿ. ಅದಕ್ಕಿಂತ ಮೊದಲು ಕಲಿತವರೆಲ್ಲ ಕೊಂಕಣಿ ಓದು ಬರಹವನ್ನು ಚರ್ಚಿನ ಪ್ರಾರ್ಥನಾ ಪುಸ್ತಕದಿಂದ ಮತ್ತು ಮನೆಗೆ ಬರುತ್ತಿದ್ದ ‘ರಾಕ್ಣೊ’ದಿಂದಲೇ ಕಲಿತವರು. ಪತ್ರಿಕೆಯೇ ಪಾಠಶಾಲೆಯೂ ಆಗಿತ್ತು ಎಂದರೆ ಅತಿಶಯೋಕ್ತಿಯಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡ ಲಿಪಿಯನ್ನೇ ತಡವರಿಸುತ್ತ ಓದುವ ಈಗಿನ ಮಕ್ಕಳಿಗೆ ಆ ಪಾಠಶಾಲೆಯ ಪ್ರವೇಶವೇ ಕಷ್ಟ. ಕೊಂಕಣಿಯ ಅನುನಾಸಿಕಗಳನ್ನು ಸರಿಯಾಗಿ ಬರೆಯುವವರು ವಿರಳವಾಗುತ್ತಿದ್ದಾರೆ. ‘ಘರ್’ ಎಂದರೆ ಮನೆ, ‘ಘರಾಂ’ ಎಂದರೆ ಮನೆಗಳು. ಕೊನೆಯ ಸೊನ್ನೆ ಬಿಟ್ಟುಹೋದರೆ ಓದುಗ ಎಡವುತ್ತಾನೆ.

ಈ ದೃಷ್ಟಿಯಿಂದ ನೋಡಿದರೆ ಯುವ ಬರಹಗಾರನಿಗೆ ಪತ್ರಿಕೆಯ ಅಗತ್ಯ ಎಷ್ಟಿದೆಯೋ ಪತ್ರಿಕೆಗೆ ಅವನ ಅಗತ್ಯ ಅದಕ್ಕಿಂತ ಹೆಚ್ಚು. ಸ್ಪರ್ಧಿಗಳು ಕಡಿಮೆ ಇರುವ ಕ್ಷೇತ್ರವಿದು. ಕನ್ನಡದ ದೊಡ್ಡ ವಾರಪತ್ರಿಕೆಯೊಂದರಲ್ಲಿ ಮೊದಲ ಕಥೆ ಪ್ರಕಟವಾಗಲು ವರ್ಷಗಟ್ಟಲೆ ಕಾಯುವವರಿಗೆ ಹೋಲಿಸಿದರೆ, ಶುದ್ಧವಾದ ಕೊಂಕಣಿಯಲ್ಲಿ ಬರೆಯಬಲ್ಲ ಇಪ್ಪತ್ತರ ಹರೆಯದವರಿಗೆ ದಾರಿ ಬಹಳ ಹತ್ತಿರ.

ಯಾವ ಬರಹಕ್ಕೆ ಬೇಡಿಕೆ?

ಕಥೆ, ಕವಿತೆ ಎಲ್ಲರೂ ಬರೆಯುತ್ತಾರೆ. ನಿಜವಾದ ಕೊರತೆ ಇರುವುದು ಊರಿನ ಬರವಣಿಗೆಯಲ್ಲಿ. ಮಂಗಳೂರು ನಗರದ ಸುತ್ತ ಬರೆಯುವವರು ಸಿಗುತ್ತಾರೆ. ಸಂಪಾಜೆ, ಅರಂತೋಡು, ಮರ್ಕಂಜದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಹೇಗೆ ತಿಂದುಹಾಕಿತು, ತೋಟ ಕಳೆದುಕೊಂಡ ಕುಟುಂಬ ಈಗ ಏನು ಬೆಳೆಯುತ್ತಿದೆ ಎಂದು ಅಲ್ಲಿಯೇ ಇದ್ದು ಬರೆಯುವವರು ಅಪರೂಪ. ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ (1964) ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರ ಬದುಕು ಮತ್ತೊಂದು ವಸ್ತು. ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ತೆರೆದ ಚಾಕೊಲೇಟ್ ಕಾರ್ಖಾನೆ ಕೊಕ್ಕೊ ಬೆಳೆಗಾರರ ಬದುಕನ್ನು ಬದಲಿಸಿದ ಬಗೆ ಇನ್ನೊಂದು. ಇವು ಧಾರ್ಮಿಕ ವಿಷಯಗಳಲ್ಲ. ಆದರೆ ಕೃಷಿಕರೇ ಹೆಚ್ಚಿರುವ ಓದುಗ ವರ್ಗಕ್ಕೆ ಇವು ಮನೆಯ ವಿಷಯಗಳು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶಪತ್ರದ ನಂತರ, ಲೋಕದ ವಿಚಾರಗಳನ್ನು ಚರ್ಚಿಸುವುದು ಕಥೊಲಿಕ್ ಪತ್ರಿಕೆಗಳಿಗೆ ಹೊರಗಿನ ಕೆಲಸವಾಗಿ ಉಳಿದಿಲ್ಲ.

ಬರಹಗಾರರಲ್ಲದವರಿಗೂ ಕೆಲಸವಿದೆ. ಕರಡು ತಿದ್ದುವವರು, ಪುಟ ವಿನ್ಯಾಸ ಬಲ್ಲವರು, ಕಥೆಗೆ ಚಿತ್ರ ಬರೆಯುವವರು, ಇಂಗ್ಲಿಷಿನಲ್ಲಿ ಬರುವ ವ್ಯಾಟಿಕನ್ ಸಂದೇಶಗಳನ್ನು ಕೊಂಕಣಿಗೆ ತರುವವರು ಇಂತಹ ಪತ್ರಿಕೆಗಳಿಗೆ ಸದಾ ಬೇಕು. ಇವುಗಳಲ್ಲಿ ಅನುವಾದ ಅತ್ಯಂತ ಕಷ್ಟದ್ದು. ಒಮ್ಮೆ ಕೈ ಪಳಗಿದರೆ ಚರ್ಚಿನ ಹೊರಗೂ ಬೇಡಿಕೆ ಇರುವ ವಿದ್ಯೆ ಇದೊಂದೇ ಎನ್ನಬಹುದು.

ಏನನ್ನಾದರೂ ಬರೆಯಲು ಸ್ವಾತಂತ್ರ್ಯವಿದೆಯೇ? ಸಂಪಾದಕರು ಧರ್ಮಗುರುಗಳು, ಪತ್ರಿಕೆ ಧರ್ಮಪ್ರಾಂತದ್ದು. ಧರ್ಮಸಭೆಯ ನಿಲುವನ್ನು ನೇರವಾಗಿ ಪ್ರಶ್ನಿಸುವ ಲೇಖನಕ್ಕೆ ಅಲ್ಲಿ ಸ್ಥಳ ನಿರೀಕ್ಷಿಸುವುದು ವ್ಯರ್ಥ. ಹಾಗೆಂದು ಪ್ರತಿಯೊಂದು ಬರಹಕ್ಕೂ ಧರ್ಮಾಧ್ಯಕ್ಷರ ಮುದ್ರೆ ಬೇಕಿಲ್ಲ. 1983ರ ಧರ್ಮಸಭಾ ಸಂಹಿತೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿರುವುದು ಬೈಬಲ್ ಆವೃತ್ತಿ, ಪ್ರಾರ್ಥನಾ ಪುಸ್ತಕ, ಧರ್ಮೋಪದೇಶದ ಪುಸ್ತಕಗಳಂತಹವಕ್ಕೆ. ಕಥೆ, ಕವಿತೆ, ನಗೆಬರಹಗಳಿಗೆ ಆ ನಿಯಮವಿಲ್ಲ. ಅಲ್ಲಿ ಸಂಪಾದಕರ ವಿವೇಚನೆಯೇ ಅಂತಿಮ.

ಹಣ ಮತ್ತು ಹಕ್ಕು

ಸಮುದಾಯ ಪತ್ರಿಕೆಗಳು ನಡೆಯುವುದು ಚಂದಾ ಮತ್ತು ಜಾಹೀರಾತಿನಿಂದ. ಜಾಹೀರಾತು ಎಂದರೆ ಮದುವೆಯ ವಾರ್ಷಿಕೋತ್ಸವ, ಅಗಲಿದವರ ಸ್ಮರಣೆ, ಬ್ಯಾಂಕು ಮತ್ತು ಆಭರಣದಂಗಡಿ. ಇದರಿಂದ ಮುದ್ರಣ, ಅಂಚೆ ವೆಚ್ಚ ನಿಭಾಯಿಸಿ ಉಳಿಯುವುದು ಹೆಚ್ಚಿಲ್ಲ. ಆದ್ದರಿಂದ ಇಂತಹ ಪತ್ರಿಕೆಗೆ ಬರೆದು ಜೀವನ ಸಾಗಿಸುವ ಲೆಕ್ಕಾಚಾರ ಯಾರಿಗೂ ಬೇಡ. ಗೌರವಧನವುಂಟೇ, ಎಷ್ಟು ಎಂಬುದನ್ನು ಮೊದಲೇ ಕೇಳುವುದರಲ್ಲಿ ಸಂಕೋಚ ಪಡಬೇಕಿಲ್ಲ. ಸೇವೆ ಎಂಬ ಪದ ಇಂಥಲ್ಲಿ ಧಾರಾಳವಾಗಿ ಬಳಕೆಯಾಗುತ್ತದೆ. ಅದೇ ಅಂಕಣವನ್ನು ನಾಲ್ಕು ವರ್ಷ ಬರೆದವರಿಗೆ ಅದು ಸಾಲದು.

ಹಣಕ್ಕಿಂತ ಮುಖ್ಯವಾದುದು ಹಕ್ಕು. ಹವ್ಯಾಸಿ ಬರಹಗಾರರು ಈ ಬಗ್ಗೆ ಯೋಚಿಸುವುದೇ ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪತ್ರಿಕೆಯ ನೌಕರರಲ್ಲದವರ ಬರಹದ ಹಕ್ಕು ಬರೆದವರದ್ದೇ. ಅದು ಮತ್ತೊಬ್ಬರಿಗೆ ವರ್ಗವಾಗಬೇಕಾದರೆ ಲಿಖಿತ ಪತ್ರಕ್ಕೆ ಸಹಿ ಬೀಳಬೇಕು. ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಸೀಮಿತ ಎಂದೂ ಕಾನೂನು ಭಾವಿಸುತ್ತದೆ. ಪತ್ರಿಕೆಯಲ್ಲಿ ಬಂದ ಕಥೆಗಳನ್ನು ಕಾಲಾನಂತರ ಸಂಕಲನವಾಗಿ ತರಲು, ನಾಟಕಕ್ಕೆ ಅಳವಡಿಸಲು ಈ ಹಕ್ಕು ಬೇಕೇ ಬೇಕು.

ಸಂಕಲನ ತರುವವರಿಗೆ ಲಿಪಿಯ ಪ್ರಶ್ನೆ ಇನ್ನೊಮ್ಮೆ ಎದುರಾಗುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಕೊಂಕಣಿ ಪ್ರಶಸ್ತಿಗೆ ದೇವನಾಗರಿ ಲಿಪಿಯ ಪುಸ್ತಕಗಳನ್ನಷ್ಟೇ ಪರಿಗಣಿಸುತ್ತ ಬಂದಿರುವುದು ಮಂಗಳೂರಿನ ಲೇಖಕರ ಹಳೆಯ ದೂರು. ಕರಾವಳಿಯ ಮೆಲ್ವಿನ್ ರೊಡ್ರಿಗಸ್ (2011), ಎಡ್ವಿನ್ ಜೆ.ಎಫ್. ಡಿಸೋಜ (2016) ಆ ಪ್ರಶಸ್ತಿ ಪಡೆದದ್ದು ಈ ಅಡ್ಡಿಯನ್ನು ದಾಟಿಯೇ. ರಾಜ್ಯದಲ್ಲಿ 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿಯಲ್ಲಿ ಕನ್ನಡ ಲಿಪಿಗೆ ಇಂತಹ ತೊಡಕಿಲ್ಲ.

ಕಳುಹಿಸುವ ಮುನ್ನ

ಹಿಂದೆ ಹಾಳೆಯ ಒಂದೇ ಬದಿಯಲ್ಲಿ ದುಂಡಾಗಿ ಬರೆದು, ತಪಾಲಿನಲ್ಲಿ ಹಾಕಿ, ಮರಳಿ ಬರಲು ಅಂಚೆಚೀಟಿ ಲಗತ್ತಿಸುವ ಪದ್ಧತಿ ಇತ್ತು. ಈಗ ಇ-ಮೇಲ್ ಸಾಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದರೆ ಪರಿವರ್ತನೆಯ ವೇಳೆ ಅರ್ಕಾವತ್ತು, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದುಂಟು. ಯೂನಿಕೋಡ್‌ನಲ್ಲಿ ಕಳುಹಿಸಿ, ಜೊತೆಗೆ ಪಿಡಿಎಫ್ ಪ್ರತಿ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಕೊಂಕಣಿಯಂತಹ ಚಿಕ್ಕ ವಲಯದಲ್ಲಿ ಕೂಡಲೇ ಬಯಲಾಗುತ್ತದೆ.

ಸಾಮಾನ್ಯ ಸಂಚಿಕೆಗಿಂತ ವಿಶೇಷಾಂಕಗಳಿಗೆ ಹೆಚ್ಚು ಬರಹ ಬೇಕಾಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಹೊಸ ಅಕ್ಕಿಯ ನೆನಪುಗಳನ್ನು ಬರೆಯುವವರು ಜುಲೈಯಲ್ಲಿಯೇ, ಕ್ರಿಸ್ಮಸ್ ಸಂಚಿಕೆಗೆ ಕಥೆ ಕೊಡುವವರು ಅಕ್ಟೋಬರ್ ಮುಗಿಯುವುದರೊಳಗೆ ಕಳುಹಿಸಿದರೆ ಸಂಪಾದಕರಿಗೆ ಓದಿ, ಬೇಕಾದಲ್ಲಿ ತಿದ್ದಲು ಹೇಳಿ ಮರಳಿಸುವಷ್ಟು ಸಮಯವಿರುತ್ತದೆ.