ರೋಹಿಣಿಯ ಎರಡು ಮುಖ

ಧಾರವಾಡದ ಕಡೆ ರೋಹಿಣಿ ಎಂದರೆ ಮಳೆಯ ಹೆಸರು. ಅದು ಬಂದರೆ ಓಣಿಯೆಲ್ಲ ಜೋಳ. ಇಲ್ಲಿನ ತೆಲುಗು ನೆರೆಯವರಿಗೋ, ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ! ಈ ಎರಡು ಗಾದೆಗಳ ನಡುವೆ ಸಿಕ್ಕವರು ನಾವು, ವಿಶಾಖಪಟ್ಟಣದ ನಾಲ್ಕಾರು ಹವೆಯ ಹುಚ್ಚರು.

ಈ ಬೇಸಗೆ ಮಹಡಿಯ ಮೇಲೆ ಕೂಡಿದಾಗ ಎದುರಿದ್ದ ಪ್ರಶ್ನೆ ಮಾತ್ರ ಹುಡುಗಾಟದ್ದಲ್ಲ. ಊರಿಂದ ಹೊರಡಲಿರುವ ನಮ್ಮ ವೃದ್ಧ ತಾಯಿಯವರನ್ನು ವಿಜಯವಾಡದ ತಮ್ಮನಲ್ಲಿ ಇಳಿಸುವುದೋ, ನೇರ ಇಲ್ಲಿಗೇ ಕರೆತರುವುದೋ?

"ಅಲ್ಲಿ ನಲವತ್ತು ದಾಟುತ್ತದೆ, ಇಲ್ಲಿ ಮೂವತ್ತೈದು, ಯೋಚನೆ ಏತಕ್ಕೆ?" ಎಂದರು ಒಬ್ಬರು. ಬರಿಯ ಅಂಕಿಯನ್ನು ನಂಬಿದರೆ ಮೋಸವೇ. ಗಾಳಿಯಲ್ಲಿ ತೇವ ತುಂಬಿದ್ದಾಗ ಬೆವರು ಆರದು; ಬೆವರು ಆರದೆ ಮೈ ತಣಿಯದು. ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿದಾಗ, ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ 40ಕ್ಕೆ ಬಿಸಿಗಾಳಿ ಎಂದರೆ, ಕರಾವಳಿಯಲ್ಲಿ 37ಕ್ಕೇ ಎನ್ನುತ್ತದೆ. ಪಡುವಣ ಒಣಗಾಳಿ ಬಲಿತು ಕಡಲಗಾಳಿಯನ್ನು ತಡೆದರಂತೂ ವಿಶಾಖಪಟ್ಟಣವೂ ಬಾಣಲೆ.

ಮುನ್ಸೂಚನೆಗೆ ಕಾಯೋಣವೇ? 2022ರ ಮೇ ತಿಂಗಳಲ್ಲಿ ದಡ ಮುಟ್ಟದೆ ತಿರುಗುವುದೆಂದಿದ್ದ ಅಸಾನಿ ಚಂಡಮಾರುತ ಮಚಲೀಪಟ್ಟಣದ ಬಳಿ ದಡ ಹತ್ತಿತ್ತು. ಬಂಗಾಳ ಕೊಲ್ಲಿಯ ಸ್ವಭಾವವೇ ಹಾಗೆ; ಇಲಾಖೆಯವರನ್ನು ಹಳಿದು ಫಲವಿಲ್ಲ. ಆದರೆ 2015ರ ಬಿಸಿಗಾಳಿಗೆ ಆಂಧ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡದ್ದು ನೆನಪಾಗಿ ಮಹಡಿಯ ಮಾತು ನಿಂತಿತು.

ರಾತ್ರಿ ಫೋನು ಮಾಡಿ, ಹೇಗೆ ಹೇಳುವುದೆಂದು ತಡವರಿಸುತ್ತಿದ್ದೆವು. ಅವ್ವನೇ ಮಾತು ಮುಗಿಸಿದರು: "ಟಿಕೀಟು ತಗಸಬ್ಯಾಡ್ರಪಾ. ಇಲ್ಲಿ ಮಳಿ ಆಗೇದ. ಮಿರಗ ಹೊಕ್ಕ ಮ್ಯಾಲ ಬರ್ತೀನಿ."