ಖಾಲಿ ಉಳಿದ ಪದಬಂಧ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಪೆನ್ಷನ್‌ದಾರರ ಸಭೆ ಸೇರುತ್ತದೆ. ಸಕ್ಕರೆ ಎಷ್ಟು, ಬಿ.ಪಿ. ಎಷ್ಟು, ಯಾವ ಮಾತ್ರೆ, ಎಲ್ಲವೂ ಅಲ್ಲಿ ಬಹಿರಂಗ. ಬೈಪಾಸ್ ಆದವರೊಬ್ಬರು ಅಂಗಿಯ ಗುಂಡಿ ಬಿಚ್ಚಿ ಹೊಲಿಗೆ ತೋರಿಸಿದ್ದೂ ಉಂಟು! ಆದರೆ "ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದೆ" ಎಂದವರನ್ನು ನಾನಂತೂ ಅಲ್ಲಿ ಕಂಡಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಸುಮಾರು 20 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ನಮ್ಮ ಸಭೆಯಲ್ಲಿ 22 ಮಂದಿ. ಲೆಕ್ಕ ನೀವೇ ಹಾಕಿ.

ಹೋದ ವರ್ಷ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು. "ವಯಸ್ಸಾಯ್ತು, ಮರೆವು" ಎಂದರು ಮನೆಯವರು. ಅಲ್ಲ ಎಂದವಳು ಆರನೇ ಕ್ಲಾಸಿನ ಮೊಮ್ಮಗಳು. "ತಾತ ಪೇಪರಿನ ಪದಬಂಧ ಬಿಡಿಸ್ತಾ ಇಲ್ಲಮ್ಮ. ಉತ್ತರ ಗೊತ್ತು, ನಾನು ಕೇಳಿದ್ರೆ ಹೇಳ್ತಾರೆ. ಬರೆಯೋಕೆ ಮನಸ್ಸಿಲ್ಲ." ಮೂರು ವಾರದ ಪೇಪರುಗಳನ್ನು ತಂದು ಅಮ್ಮನ ಮುಂದೆ ಹರಡಿದಳು. ಎಲ್ಲದರಲ್ಲೂ ಚೌಕಗಳು ಖಾಲಿ!

ವೈದ್ಯರು ಕೇಳುವುದೂ ಇದನ್ನೇ. ಬೇಸರ ಯಾರಿಗೆ ಬರುವುದಿಲ್ಲ? ಆದರೆ ಎರಡು ವಾರ ದಾಟಿದರೂ ಅದು ಬಿಡದಿದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ನಿದ್ದೆ ಊಟ ಕೆಟ್ಟು "ನಾನು ಮನೆಗೆ ಭಾರ" ಎನಿಸತೊಡಗಿದರೆ ಅದು ಕಾಯಿಲೆ. ವಯಸ್ಸಾದವರಲ್ಲಿ ಅಳು ಕಾಣದೆ ಮೈಕೈ ನೋವು, ಮರೆವಿನ ವೇಷದಲ್ಲಿ ಬರಬಹುದು. ಮಕ್ಕಳಲ್ಲಿ ಸಿಡುಕು, ಹೊಟ್ಟೆನೋವಾಗಿ ಕಾಣಿಸೀತು.

ಮೇಷ್ಟ್ರ ಮಗನದು ಒಂದೇ ಮಾತು: "ಅಪ್ಪನಿಗೇನು ಹುಚ್ಚೇ? ಜನ ಏನಂದಾರು?" ಸೊಸೆ ಗಟ್ಟಿಗಿತ್ತಿ, ತಾನೇ ಕರೆದುಕೊಂಡು ಹೋದಳು. ಡಾಕ್ಟರು ಮೊದಲು ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು. ಅವು ಏರುಪೇರಾದರೂ ಮನಸ್ಸು ಕುಗ್ಗುತ್ತದಂತೆ. ಆಮೇಲೆ ಮಾತ್ರೆ, ಜೊತೆಗೆ ಆಪ್ತಸಮಾಲೋಚನೆ. ಈ ಮಾತ್ರೆ ತಲೆನೋವಿನದರಂತಲ್ಲ, ಗುಣ ಕಾಣಲು ಎರಡರಿಂದ ನಾಲ್ಕು ವಾರವಾದರೂ ಬೇಕು. ಹತ್ತನೇ ದಿನಕ್ಕೇ "ಏನೂ ಪ್ರಯೋಜನವಿಲ್ಲ" ಎಂದು ಮೇಷ್ಟ್ರು ಡಬ್ಬಿ ಪಕ್ಕಕ್ಕಿಟ್ಟರು. ಮೊಮ್ಮಗಳು ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಿ ನುಂಗಿಸಿದಳು. ಗುಣವಾಯಿತೆಂದು ಡಾಕ್ಟರನ್ನು ಕೇಳದೆ ಬಿಡುವುದೂ ತಪ್ಪು. ಈಗ ವಾರಕ್ಕೆ ಮೂರೋ ನಾಲ್ಕೋ ಪದಬಂಧ ತುಂಬುತ್ತವೆ. ಉಳಿದವು ಇನ್ನೂ ಖಾಲಿಯೇ.

"ಅವರಿಗೇನು ಕಮ್ಮಿಯಾಗಿತ್ತು?" ಎಂದು ಕೇಳುವವರಿದ್ದಾರೆ. ದೀಪಿಕಾ ಪಡುಕೋಣೆಗೆ ಏನು ಕಮ್ಮಿಯಿತ್ತು? ತಮಗೆ ಖಿನ್ನತೆ ಬಂದಿತ್ತೆಂದು 2015ರಲ್ಲಿ ಅವರು ಎಲ್ಲರೆದುರು ಹೇಳಿದರು. ಅದನ್ನು ಗುರುತಿಸಿದವರು ಅವರ ತಾಯಿ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಅಜ್ಜ ಅಜ್ಜಿಯರು ಇದನ್ನು ಗ್ಯಾಸ್ ಬುಕಿಂಗ್ ನಂಬರಿನ ಪಕ್ಕದಲ್ಲೇ ಬರೆದಿಡಿ. ಮಕ್ಕಳೇ, ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರಾದರೂ "ಬದುಕೇ ಬೇಡ" ಎಂದರೆ, "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸಿಕೊಂಡಿದ್ದರೂ ಸರಿ, ಆಗಲೇ ಅಪ್ಪ ಅಮ್ಮನಿಗೋ ಟೀಚರಿಗೋ ಹೇಳಿಬಿಡಿ.